ಉಸ್ತಾದರ ಕಪ್ಪು ಕಿವಿ

ಉಸ್ತಾದರ ಬಲಗಿವಿ ಯಾವಾಗಲೂ ಕಪ್ಪಗಿರುತ್ತಿತ್ತು. ಎಡಗಿವಿ ನಮ್ಮ ನಿಮ್ಮ ಕಿವಿಯಂತೆಯೇ ಇತ್ತು. ಶುಕ್ರವಾರದ ನಮಾಜಿಗೆ ತಿಕ್ಕಿ ಸ್ನಾನ ಮಾಡಿ, ಬಿಳಿ ಜುಬ್ಬಾ ತೊಟ್ಟು, ಅತ್ತರು ಹಚ್ಚಿಕೊಂಡು ಹೊರಟರೂ ಬಲಗಿವಿಯ ಅಂಚಿನಲ್ಲಿ ಗ್ರೀಸಿನ ಗೆರೆಯೊಂದು ಉಳಿದೇ ಇರುತ್ತಿತ್ತು. ಉದ್ದನೆಯ ಸ್ಕ್ರೂಡ್ರೈವರಿನ ಒಂದು ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಆ ಕಿವಿಗೆ ಒತ್ತಿ, ಕಣ್ಣು ಮುಚ್ಚಿ ಕೇಳುತ್ತ ನಿಲ್ಲುವುದು ಅವರ ಮೊದಲ ಕೆಲಸ. ಆಸ್ಪತ್ರೆಯ ಡಾಕ್ಟರಿಗಿಂತ ಹೆಚ್ಚು ಹೊತ್ತು ಕೇಳುತ್ತಿದ್ದರು, ಇದನ್ನು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ.

ಶಿರಾದಲ್ಲಿ ಅವರ ಗ್ಯಾರೇಜು. ಮೇಲೆ ತಗಡು, ಕೆಳಗೆ ಎಣ್ಣೆ ಕುಡಿದ ಮಣ್ಣು, ಮೂಲೆಯಲ್ಲೊಂದು ನೀರಿನ ಹಂಡೆ. ನಾನು ಮಧುಗಿರಿಯವಳು. ನಮ್ಮದು ಮೊಟ್ಟೆ ವ್ಯಾಪಾರ. ಅಂಗಡಿ ನೋಡಿಕೊಳ್ಳುವುದು ಯಜಮಾನರು. ಸೆಕೆಂಡ್ ಹ್ಯಾಂಡ್ ಪುಟ್ಟ ಗೂಡ್ಸ್ ವ್ಯಾನಿನಲ್ಲಿ ಕೊರಟಗೆರೆ, ಶಿರಾ, ಪಾವಗಡಕ್ಕೆಲ್ಲ ಮೊಟ್ಟೆ ಹಾಕಿ ಬರುವುದು ನಾನು. ಇಟ್ಟಿದ್ದ ಡ್ರೈವರು ಒಂದು ದಿನ ಹೇಳದೆ ಕೇಳದೆ ಬಿಟ್ಟುಹೋದ. ಅವತ್ತೇ ನಾನು ಸ್ಟೀರಿಂಗ್ ಹಿಡಿದೆ. ಹಿಡಿದ ಮೇಲೆ ಬಿಡುವ ಮನಸ್ಸಾಗಲಿಲ್ಲ. ಹದಿನೈದು ವರ್ಷ ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಬೀದಿಯ ಒಂದೇ ತುಂಡನ್ನು ನೋಡಿದವಳಿಗೆ ನಾಲ್ಕು ತಾಲ್ಲೂಕಿನ ರಸ್ತೆ ಸಿಕ್ಕರೆ ಯಾರಾದರೂ ಬಿಡುತ್ತಾರೆಯೇ?

ಉಸ್ತಾದರ ಗ್ಯಾರೇಜಿಗೊಂದು ಕಾನೂನಿತ್ತು. ಬಂದವರು ರೋಗದ ಹೆಸರು ಹೇಳುವಂತಿಲ್ಲ. "ಕ್ಲಚ್ ಪ್ಲೇಟ್ ಹೋಗಿದೆ ಉಸ್ತಾದ್" ಎಂದರೆ, "ನೀನೇ ಹೇಳ್ಬುಟ್ರೆ ನಾನ್ಯಾಕೆ ಬೇಕು? ಹೆಸರು ಬುಡು, ಸದ್ದು ಮಾಡು" ಎನ್ನುತ್ತಿದ್ದರು. ಮೀಸೆ ಹೊತ್ತ ಗಂಡಸರು ಗ್ಯಾರೇಜಿನ ಮುಂದೆ ನಿಂತು "ಕಟಕಟಕಟ", "ಕೀಂಯ್", "ಗೊರ್‌ರ್‌ರ್" ಎಂದು ಬಾಯಲ್ಲಿ ಗಾಡಿ ಓಡಿಸುವುದನ್ನು ನೋಡುವುದಕ್ಕೇ ಎದುರಿನ ಟೀ ಅಂಗಡಿಯ ಬೆಂಚು ತುಂಬಿರುತ್ತಿತ್ತು. ಉಸ್ತಾದರು ಮಾತ್ರ ನಗುತ್ತಿರಲಿಲ್ಲ. ತಲೆ ಓರೆ ಮಾಡಿ ಕೇಳಿ, "ತಿರುವಿನಲ್ಲೋ, ನೇರ ರೋಡಲ್ಲೋ?" ಎಂದು ಒಂದೇ ಪ್ರಶ್ನೆ ಹಾಕುತ್ತಿದ್ದರು. ತಿರುವಿನಲ್ಲಿ ಗೊರ್ ಎಂದರೆ ಚಕ್ರದ ಬೇರಿಂಗ್. ಹಳ್ಳಕ್ಕಿಳಿದಾಗ ಕಟಕ್ ಎಂದರೆ ಸ್ಪ್ರಿಂಗ್ ಪಟ್ಟಿಯ ಬುಷ್. ಕೀಲಿ ತಿರುಗಿಸಿದಾಗ ಬರೀ ಟಕ್ ಎಂದು ಸುಮ್ಮನಾದರೆ, "ಬ್ಯಾಟರಿ ಬದಲಾಯಿಸ್ಬೇಡ, ಮೊದ್ಲು ವೈರು ಕಚ್ಚೋ ಅದರ ತಲೆ ಉಜ್ಜಿ ಬಿಗಿ ಮಾಡು" ಎನ್ನುತ್ತಿದ್ದರು.

ಖರ್ಚಿಗೂ ಅವರದೇ ಅಳತೆ. ರೂಪಾಯಿ ಲೆಕ್ಕ ಆಮೇಲೆ; ಮೊದಲು ಖರ್ಚಿನ ಜಾತಿ ಹೇಳುತ್ತಿದ್ದರು. ಟೀ ಖರ್ಚು, ಬಿರಿಯಾನಿ ಖರ್ಚು, ಮದುವೆ ಖರ್ಚು. ಸಡಿಲ ಬೆಲ್ಟು, ಮಣ್ಣು ತುಂಬಿದ ಫಿಲ್ಟರು ಟೀ ಖರ್ಚು. ಬೇರಿಂಗ್, ಬ್ರೇಕ್ ಲೈನರು ಬಿರಿಯಾನಿ ಖರ್ಚು, ಮನೆಮಂದಿಯೆಲ್ಲ ತಿಂದಷ್ಟು. ಕ್ಲಚ್ ಇಳಿಸಿದರೆ ನಿಶ್ಚಿತಾರ್ಥ. ಎಂಜಿನ್ ಬಿಚ್ಚಿದರೆ ಛತ್ರ ಹಿಡಿದು ಮಾಡಿದ ಮದುವೆ. "ನಿಮ್ಮ ಗಾಡೀಲಿ ಟೀ ಖರ್ಚಿನದೇ ಜಾಸ್ತಿ ಕಣಮ್ಮ, ಆದ್ರೆ ಟೀ ಕುಡಿಯೋಕೆ ಸೋಮಾರಿತನ ಮಾಡಿ ಮದ್ವೆ ಮಾಡ್ಕೋತೀರಿ" ಎಂದು ನನಗೆ ಎಷ್ಟು ಸಲ ಬೈದಿದ್ದಾರೋ!

ನನ್ನ ಅತ್ತೆ ಇರುವುದು ಮಿಡಿಗೇಶಿಯಲ್ಲಿ. ಕುರಿ ಕಾದು ಬೆಳೆದ ಮನೆತನ, ಇವತ್ತಿಗೂ ನಲವತ್ತು ಕುರಿ ಕಟ್ಟಿಕೊಂಡಿದ್ದಾರೆ. ಸೊಸೆ ವ್ಯಾನು ಓಡಿಸುತ್ತಾಳೆಂದರೆ ಅತ್ತೆಗೆ ಹೇಳತೀರದ ಹೆಮ್ಮೆ. ರಸ್ತೆಯ ಉಬ್ಬಿಗೆ ಗಾಡಿ ಹಾರಿ ನನ್ನ ಎರಡು ಟ್ರೇ ಮೊಟ್ಟೆ ಒಡೆದ ದಿನ, "ಹೆಣ್ಣೆಂಗ್ಸು ಗಾಡಿ ಓಡಿಸ್ತಾಳೆ ಅಂತ ಊರೋರ ಕಣ್ಣೆಲ್ಲ ಅದ್ರ ಮ್ಯಾಲೇ ಬಿದ್ದದೆ ಕಣವ್ವ" ಎಂದು, ಮನೆಯ ಕರಿಕಂಬಳಿಯಿಂದ ಒಂದು ಚೂರು ಹರಿದು, ಅರಿಶಿನ ಕುಂಕುಮ ಇಟ್ಟು ಗಾಡಿಯ ಮೂತಿಗೆ ಕಟ್ಟಿದರು. ಮುಂದಿನ ತಿಂಗಳು ಟೈರು ಪಂಕ್ಚರ್ ಆಯಿತು. ಚೂರು ಸಾಲದೆಂದು ಅತ್ತೆ ಮೊಳದಗಲ ಕಟ್ಟಿದರು. ಆಮೇಲೊಂದು ಸಲ ನಾಯಿ ಅಡ್ಡ ಬಂತು. ಆಗ ಮೂತಿಯ ಜಾಲರಿ ಪೂರ್ತಿ ಮುಚ್ಚುವ ಹಾಗೆ ಎರಡು ಮಡಿಕೆ ಕಂಬಳಿ ಬಂತು. ನಮ್ಮ ಗಾಡಿ ಮದುವಣಗಿತ್ತಿಯಂತೆ ಸೆರಗು ಹೊದ್ದು ಓಡಾಡತೊಡಗಿತು.

ಬೇಸಿಗೆ ಶುರುವಾದದ್ದೇ ತಡ, ಪಾವಗಡದ ಕಡೆ ಹೋದಾಗಲೆಲ್ಲ ಎಂಜಿನ್ನು ಕುದಿಯತೊಡಗಿತು. ವಳ್ಳೂರಿನ ಹತ್ತಿರ, ನೆರಳಿಗೊಂದು ಮರವಿಲ್ಲದ ಸೋಲಾರ್ ತಗಡುಗಳ ನಡುವೆ ನಿಂತು, ಕುಡಿಯುವ ನೀರನ್ನೆಲ್ಲ ಗಾಡಿಗೆ ಸುರಿದಿದ್ದೇನೆ. ಮಧುಗಿರಿಯ ಒಬ್ಬ ಮೆಕ್ಯಾನಿಕ್ಕು ನೋಡಿದ. ಮುಂದಿನ ಕಂಬಳಿಯ ಕುಂಕುಮಕ್ಕೆ ಭಕ್ತಿಯಿಂದ ಕೈ ಮುಗಿದ, ಅದರ ಹಿಂದೆ ಇಣುಕಲಿಲ್ಲ. "ಹೆಡ್ ಹೋಗಿದೆ, ಎಂಜಿನ್ ಇಳಿಸ್ಬೇಕು" ಎಂದುಬಿಟ್ಟ.

ಮದುವೆ ಖರ್ಚು! ಯಜಮಾನರು ಕೆಟ್ಟವರಲ್ಲ, ಆದರೆ ಹೆದರುಪುಕ್ಕಲರು. "ಸಾಕು ಬುಡು, ಇನ್ನು ಅದರ ಸವಾಸ ಬ್ಯಾಡ. ಪಾವಗಡದೋನೊಬ್ಬ ಕೇಳ್ತಾವ್ನೆ, ಶನಿವಾರ ಬತ್ತಾನೆ, ಇದ್ದಂಗೇ ಕೊಟ್ಬುಡಾನ" ಎಂದರು. ಆ ರಾತ್ರಿ ನನಗೆ ಊಟ ಸೇರಲಿಲ್ಲ. ಗಾಡಿ ಹೋದರೆ ನಾನು ಮತ್ತೆ ಗಲ್ಲಾಪೆಟ್ಟಿಗೆಯ ಹಿಂದೆ.

ಗುರುವಾರ ಬೆಳಗ್ಗೆ ಯಾರಿಗೂ ಹೇಳದೆ, ನಿಲ್ಲಿಸಿ ನಿಲ್ಲಿಸಿ ನೀರು ಕುಡಿಸುತ್ತ ಗಾಡಿಯನ್ನು ಶಿರಾಕ್ಕೆ ಹೊಡೆದುಕೊಂಡು ಹೋದೆ. ಉಸ್ತಾದರು ಎಂದಿನಂತೆ, "ಸದ್ದು ಮಾಡಮ್ಮ" ಎಂದರು. ಅಲ್ಲಿಯವರೆಗೆ ನಾನು ಹೇಗೋ ಕೈಸನ್ನೆಯಲ್ಲಿ ತಪ್ಪಿಸಿಕೊಂಡಿದ್ದೆ. ಅವತ್ತು ಬೆಂಚಿನ ಮೇಲೆ ಏಳೆಂಟು ಗಂಡಸರು. ನನಗೆ ನಾಚಿಕೆ.

"ಲೇ, ಅತ್ಲಾಗೆ ತಿರುಗ್ರಲಾ ಎಲ್ರೂ!" ಎಂದು ಉಸ್ತಾದರು ಗದರಿದರು. ಅಷ್ಟೂ ಜನ ಟೀ ಲೋಟ ಹಿಡಿದುಕೊಂಡೇ ಗೋಡೆ ಕಡೆ ತಿರುಗಿದರು. ನಾನು ಕಣ್ಣು ಮುಚ್ಚಿ, "ಬುಸ್ಸ್... ಗುಳುಗುಳುಗುಳು... ಬುಸ್ಸ್" ಎಂದೆ. ಗೋಡೆ ಕಡೆಯಿಂದ ಯಾರೋ ಕಿಸಕ್ಕೆಂದರು. ನನಗೂ ನಗು ಬಂತು. ಕಣ್ಣಲ್ಲಿ ನೀರೂ ಬಂತು. ಶನಿವಾರದ ಕಥೆಯನ್ನೆಲ್ಲ ಹೇಳಿಬಿಟ್ಟೆ.

ಉಸ್ತಾದರು ಆಯಿಲ್ ಕಡ್ಡಿ ಎಳೆದು ಬೆರಳಿಗೆ ಸವರಿ ನೋಡಿದರು. "ಹೆಡ್ ಹೋಗಿದ್ರೆ ನೀರು ಸೇರಿ ಆಯಿಲ್ಲು ಹಾಲು ಕಾಫಿ ಆಗಿರ್ತಿತ್ತು. ಇದು ಸರಿಯಾಗೇ ಅದೆ" ಎಂದರು. ಸ್ಕ್ರೂಡ್ರೈವರನ್ನು ಕಿವಿಗಿಟ್ಟು ಕೇಳಿದರು. ಆಮೇಲೆ ಗಾಡಿಯ ಮುಂದೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತರು.

"ಇದ್ಯಾರು ಕಟ್ಟಿದ್ದು?"

"ನಮ್ಮತ್ತೆ."

"ರೇಡಿಯೇಟರಿಗೆ ಗಾಳಿ ಹೋಗೋ ಬಾಗಿಲು ಕಣಮ್ಮ ಇದು. ಮೂಗಿಗೆ ಕಂಬಳಿ ಸುತ್ಕೊಂಡು ನೀನು ಮಧುಗಿರಿ ಬೆಟ್ಟ ಹತ್ತು ನೋಡಾನ."

ನಾನು ಹಣೆ ಚಚ್ಚಿಕೊಂಡೆ. "ನೀವೇ ಬಿಚ್ಚಿಬಿಡಿ ಉಸ್ತಾದ್, ಯಾರಿಗೂ ಹೇಳಲ್ಲ" ಎಂದೆ.

ಅವರು ಕೈ ಹಿಂದೆಳೆದುಕೊಂಡರು. "ಪ್ರೀತಿಯಿಂದ ಹಾಕಿದ ಗಂಟು. ನನ್ನ ಸ್ಪ್ಯಾನರಿಗೆ ಬರಾಕಿಲ್ಲ. ಆಯಮ್ಮನ್ನೇ ಕರೆಸು."

ಫೋನು ಹೋಯಿತು. ಅತ್ತೆ ಎರಡು ಬಸ್ಸು ಬದಲಾಯಿಸಿ, ಮಟಮಟ ಮಧ್ಯಾಹ್ನ ಬುಸುಗುಡುತ್ತ ಬಂದರು. "ನನ್ನ ಕಂಬ್ಳಿ ಮ್ಯಾಲೆ ಯಾವೋನು ತೆಪ್ಪು ಹೊರಿಸ್ದೋನು?" ಎಂದು ಬಾಗಿಲಿನಿಂದಲೇ ಶುರು ಮಾಡಿದರು. ಉಸ್ತಾದರು ಇದ್ದೊಂದು ಕುರ್ಚಿಯನ್ನು ತಮ್ಮ ಹೆಗಲ ಬಟ್ಟೆಯಿಂದ ಒರೆಸಿ ಹಾಕಿದರು. ಹಂಡೆಯಿಂದ ತಣ್ಣನೆ ನೀರು ಕೊಟ್ಟರು. ಅತ್ತೆ ಕುಡಿದು ಮುಗಿಸುವವರೆಗೂ ಕೈ ಕಟ್ಟಿ ನಿಂತಿದ್ದು, ನಿಧಾನವಾಗಿ ಕೇಳಿದರು:

"ಅಮ್ಮಾ, ಕುರಿ ವಿಷ್ಯ ನಂಗೆ ಗೊತ್ತಿಲ್ಲ, ನೀವೇ ಹೇಳ್ಬೇಕು. ಬೇಸ್ಗೇಲಿ ಕುರಿಗೆ ಕಂಬ್ಳಿ ಹೊದಿಸ್ತೀರಾ?"

"ಥೂ, ಹೊದಿಸಾಕೆ ನಮ್ಗೇನು ಹುಚ್ಚೇ? ಬೇಸ್ಗೇಲಿ ಅದರ ಮೈಮ್ಯಾಗಿರೋ ಉಣ್ಣೇನೇ ಕತ್ತರಿಸಿ ಹಾಕ್ತೀವಿ. ಇಲ್ದಿದ್ರೆ ಧಗೆಗೆ ಬಾಯ್ ಬುಟ್ಕಂಡು..."

ಅತ್ತೆ ಗಾಡಿಯ ಮೂತಿಯನ್ನು ನೋಡಿದರು, ನನ್ನನ್ನು ನೋಡಿದರು. "ಅಯ್ಯೋ ನನ್ನ ಮನೆ ಕಾಯ್ವಾಗ! ಪಾಪದ್ದನ್ನ ಬೇಯಿಸ್ಬುಟ್ನಲ್ಲವ್ವ!" ಎಂದು ಎದ್ದು, ತಮ್ಮ ಕೈಯಾರೆ ಗಂಟು ಬಿಚ್ಚಿದರು. ಜಾಲರಿಯ ಹಿಂದೆ ಮೆತ್ತಿಕೊಂಡಿದ್ದ ಉಣ್ಣೆಯ ಜುಂಗನ್ನು ಉಸ್ತಾದರು ಬ್ರಷ್ಷಿನಿಂದ ತೆಗೆದು, ಬೆಲ್ಟು ಬಿಗಿ ಮಾಡಿ, ನೀರು ತುಂಬಿಸಿದರು. ಆಮೇಲೆ ನಮ್ಮಿಬ್ಬರನ್ನೂ ಕೂರಿಸಿ, "ಬುಕ್ಕಾಪಟ್ಣದವರೆಗೂ ಹೊಡ್ಕಂಡು ಹೋಗಿ ಬಾ" ಎಂದರು. ಉರಿಬಿಸಿಲು. ಅತ್ತೆಯ ಕಣ್ಣು ರಸ್ತೆಯ ಮೇಲಿರಲಿಲ್ಲ, ಹೀಟು ತೋರಿಸುವ ಮುಳ್ಳಿನ ಮೇಲಿತ್ತು. ಹೋಗಿ ಬರುವಷ್ಟೂ ದೂರ, "ಏಳ್ತಿಲ್ಲ ಕಣವ್ವ! ಮುಳ್ಳು ಏಳ್ತಿಲ್ಲ!" ಎಂದು ತೊಡೆ ತಟ್ಟುತ್ತಿದ್ದರು.

ಶನಿವಾರ ಪಾವಗಡದವನು ಬಂದ. ಗಾಡಿ ಸರಿಹೋದದ್ದನ್ನು ನಾವಿನ್ನೂ ಮನೆಯಲ್ಲಿ ಹೇಳಿರಲಿಲ್ಲ. ಯಜಮಾನರು ನನ್ನ ಮುಖ ನೋಡಿ, "ಎಂಜಿನ್ ಕೆಲ್ಸಕ್ಕೆ ಎಷ್ಟಂತೆ?" ಎಂದು ಮೆಲ್ಲಗೆ ಕೇಳಿದರು. ಅದಕ್ಕೆಂದೇ ಮಧುಗಿರಿಗೆ ಬಂದು ಕೂತಿದ್ದ ಅತ್ತೆ ಒಳಗಿನಿಂದ ಕೂಗಿದರು: "ಮೂರು ಟೀ! ನಾನೇ ಕೊಟ್ಟಿವ್ನಿ!" ಬಂದವನು "ಅಯ್ಯೋ, ಇದೇಮಿ ಕಥೆ ಅಣ್ಣಾ" ಎಂದು ತೆಲುಗು ಬೆರೆಸಿ ಹೇಳಿ ನಗುತ್ತ ಅಂಗಡಿಯಲ್ಲಿ ಎರಡು ಡಜನ್ ಮೊಟ್ಟೆ ಕೊಂಡುಕೊಂಡು ಹೋದ.

ಬಿಚ್ಚಿದ ಕಂಬಳಿಯನ್ನು ಮೊಟ್ಟೆಯ ಟ್ರೇಗಳ ಕೆಳಗೆ ಹಾಸಲು ಹೇಳಿದವರೂ ಉಸ್ತಾದರೇ. ಅಲ್ಲಿಂದಾಚೆಗೆ ಮೊಟ್ಟೆ ಒಡೆಯುವುದು ಅರ್ಧಕ್ಕರ್ಧ ಕಡಿಮೆಯಾಯಿತು. ಕಂಬ್ಳಿ ಕೈ ಬಿಡಲಿಲ್ಲ ಎಂದು ಅತ್ತೆಯ ನಂಬಿಕೆಯೂ ಉಳಿಯಿತು. ಆ ದೀಪಾವಳಿಗೆ ಅತ್ತೆ ಒಂದು ಹೊಸ ಕಂಬಳಿ ನೇಯಿಸಿ ಉಸ್ತಾದರಿಗೆ ಕೊಟ್ಟು ಬಂದರು, "ನೆಲದ ಮ್ಯಾಲೆ ಮಲಗಿ ಗಾಡಿ ಕೆಳಗೆ ನುಗ್ತೀಯಲ್ಲಪ್ಪ, ಬೆನ್ನಿಗೆ ಹಾಸ್ಕೊ" ಎಂದು. ಅವರು ಅದರ ಮೇಲೆ ಮಲಗಿಯೇ ಕೆಲಸ ಮಾಡಿದರು. ಯಾರಾದರೂ ತುಳಿದರೆ, "ಮಿಡಿಗೇಶಿ ಅಮ್ಮನ ಕಂಬ್ಳಿ ಕಣ್ಲಾ, ಕಾಲು ತೆಗಿ" ಎಂದು ಗಾಡಿಯ ಕೆಳಗಿನಿಂದಲೇ ಗದರುತ್ತಿದ್ದರು.

ಹೋದ ವರ್ಷ ಉಸ್ತಾದರು ತೀರಿಕೊಂಡರು. ವಿಷಯ ತಿಳಿದಾಗ ನಾನು ಕೊರಟಗೆರೆಯಲ್ಲಿದ್ದೆ. ಗಾಡಿಯನ್ನು ರಸ್ತೆ ಬದಿಗೆ ನಿಲ್ಲಿಸಿಕೊಂಡು ಮನಸಾರೆ ಅತ್ತುಬಿಟ್ಟೆ. ತಿಂಗಳ ಮೇಲೆ ಅವರ ಮನೆಯವರು ನನ್ನನ್ನು ಕರೆಸಿ ಆ ಕಂಬಳಿ ಕೊಟ್ಟರು. ಮೂರು ಸಲ ಒಗೆದಿದ್ದರಂತೆ. ಆದರೂ ಡೀಸೆಲ್ ವಾಸನೆ ಹೋಗಿರಲಿಲ್ಲ. ಅದೀಗ ನನ್ನ ಸೀಟಿನ ಹಿಂದೆ ಇದೆ, ಪಕ್ಕದಲ್ಲೊಂದು ಉದ್ದನೆಯ ಸ್ಕ್ರೂಡ್ರೈವರು.

ಮೊನ್ನೆ ವಳ್ಳೂರಿನ ರಸ್ತೆಯಲ್ಲಿ ಯಾರದೋ ಟೊಮೆಟೊ ತುಂಬಿದ ವ್ಯಾನು ನಿಂತಿತ್ತು. ದಪ್ಪ ಮೀಸೆಯ ಡ್ರೈವರು ತಲೆ ಮೇಲೆ ಕೈ ಹೊತ್ತು ಕೂತಿದ್ದ. ನಾನು ಇಳಿದು ಹೋದೆ. "ಪಂಪು ಹೋಗಿರ್ಬೇಕು ಅಕ್ಕಾ" ಎಂದ.

"ಹೆಸರು ಬುಡಪ್ಪ, ಸದ್ದು ಮಾಡು" ಎಂದೆ.

ಅವನು ಕಕ್ಕಾಬಿಕ್ಕಿಯಾಗಿ ನನ್ನನ್ನೇ ನೋಡಿದ. "ನಾಚ್ಕೆ ಆದ್ರೆ ನಾನು ಅತ್ಲಾಗೆ ತಿರುಗ್ತೀನಿ" ಎಂದು ತಿರುಗಿ ನಿಂತೆ. ಸ್ವಲ್ಪ ಹೊತ್ತಿಗೆ ಬೆನ್ನ ಹಿಂದಿನಿಂದ ಸಣ್ಣಗೆ "ಟುರ್‌ರ್... ಟುರ್‌ರ್... ಫುಸ್" ಎಂದು ಕೇಳಿಸಿತು. ಡೀಸೆಲ್ ಪೈಪಿನಲ್ಲಿ ಗಾಳಿ ಸೇರಿತ್ತು, ಅಷ್ಟೇ. ಟೀ ಖರ್ಚು. ಕಂಬಳಿ ಹಾಸಿ, ಕೆಳಗೆ ನುಗ್ಗಿ, ಉಸ್ತಾದರನ್ನು ನೋಡಿ ಕಲಿತಂತೆ ಗಾಳಿ ಬಿಡಿಸಿ, ಗಾಡಿ ಶುರುವಾದ ಮೇಲೂ ಸ್ಕ್ರೂಡ್ರೈವರು ಕಿವಿಗಿಟ್ಟು ಕೇಳಿದೆ. ಚೆನ್ನಾಗಿ ಉಸಿರಾಡುತ್ತಿತ್ತು.

ಬರುವ ದಾರಿಯಲ್ಲಿ ಮಿಡಿಗೇಶಿಯಲ್ಲಿ ಇಳಿದೆ. ಅತ್ತೆ ಕುರಿಗಳಿಗೆ ನೀರು ತೋರಿಸುತ್ತಿದ್ದರು. ನನ್ನ ಮುಖ ನೋಡಿದವರೇ, "ಇದೇನೇ ಕಿವಿಯೆಲ್ಲ ಮಸಿ? ಹೋಗು, ತೊಳ್ಕೊ" ಎಂದರು. ನಾನು ತೊಟ್ಟಿಯ ಕಡೆಗೆ ಎರಡು ಹೆಜ್ಜೆ ಇಟ್ಟಿದ್ದೆ. ಹಿಂದಿನಿಂದ ಅತ್ತೆಯ ದನಿ ಕೇಳಿಸಿತು.

"ಇರ್ಲಿ ಬುಡವ್ವ. ನಾಳೆ ತೊಳ್ಕಂಡ್ರಾಯ್ತು."