ಬೀಣಾದಿ ಕಲಿತ ‘ವ’

ಬೆಳಗಿನ ಮೊದಲ ಲೋಕಲ್ ರೈಲು ಹಿಡಿದು ಬರುವ ಬೀಣಾಪಾಣಿ ಮಂಡಲ್ ಕೋಣೆಯ ಬೀಗ ತೆಗೆದು, ಕೂಸಿನ ಕುರ್ಚಿ ಒರೆಸಿ, ಅಕ್ಕಪಕ್ಕದ ಎರಡು ಟಿವಿ ಹಚ್ಚುತ್ತಾರೆ. ಎರಡರಲ್ಲೂ ಇಪ್ಪತ್ತೆರಡು ವರ್ಷ ಹಿಂದಿನ ಅವರದೇ ಮುಖ. ಸದ್ದಿಲ್ಲದೆ ಒಂದು ‘ಬ’ ಅನ್ನುತ್ತದೆ, ಇನ್ನೊಂದು ಕೆಳತುಟಿಗೆ ಹಲ್ಲು ತಾಗಿಸಿ ‘ವ’ ಅನ್ನುತ್ತದೆ. “ಜಡೆ ನೋಡಿ ಎಷ್ಟು ದಪ್ಪ ಇತ್ತು,” ಎಂದು ಈಗಿನ ಬೆಳ್ಳಿ ತುರುಬನ್ನು ಮುಟ್ಟಿಕೊಳ್ಳುತ್ತಾರೆ.

ಕೂಸುಗಳು ಮಾತನ್ನು ಕಿವಿಯ ಜೊತೆ ಕಣ್ಣಿನಿಂದಲೂ ಹೇಗೆ ಹಿಡಿಯುತ್ತವೆ ಎಂದು ನೋಡುವ ಪ್ರಯೋಗಾಲಯ ಇದು, ಕೋಲ್ಕತ್ತದ್ದು. ದಿನಕ್ಕೆ ನಾಲ್ಕು ಕೂಸು. ಎರಡು ಟಿವಿಗಳ ನಡುವಿನ ಸ್ಪೀಕರಿನಿಂದ ‘ವ’ ಕೇಳಿದರೆ ಆರು ತಿಂಗಳ ಕೂಸು ‘ವ’ ಅನ್ನುವ ಮುಖವನ್ನೇ ಹೆಚ್ಚು ಹೊತ್ತು ನೋಡುತ್ತದೆ. ಹನ್ನೊಂದು ತಿಂಗಳಿನದಕ್ಕೆ ಎರಡೂ ಒಂದೇ. ಬಂಗಾಳಿ ಮನೆಗಳಲ್ಲಿ ಕೇಳದ ‘ವ’ ಅಷ್ಟರೊಳಗೆ ಜಾರಿಹೋಗಿರುತ್ತದೆ.

ಇಲ್ಲಿ ಎಲ್ಲರಿಗೂ ‘ದಿ’, ಅಂದರೆ ಅಕ್ಕ, ಆದ ಬೀಣಾದಿ ಬಂದದ್ದು ಕಸ ಗುಡಿಸಲು. ಗಂಡ ಆಗಷ್ಟೇ ತೀರಿಕೊಂಡಿದ್ದ, ಕಂಕುಳಲ್ಲಿ ಮಗಳು. ಅಳುವ ಕೂಸುಗಳು ಈಕೆಯ ಮುಖ ಕಂಡರೆ ಸುಮ್ಮನಾಗುವುದನ್ನು ಗಮನಿಸಿದ, ಪ್ರಯೋಗಾಲಯ ನಡೆಸುವ ಡಾಕ್ಟರ್‌ದಿ ಈಕೆಯನ್ನೇ ಕ್ಯಾಮೆರಾ ಮುಂದೆ ಕೂರಿಸಿದರು. ‘ವ’ ಕಲಿಸಿದ್ದು ಅಲ್ಲಿ ಟೈಪಿಸ್ಟ್ ಆಗಿದ್ದ ತಮಿಳು ಹೆಂಗಸು ಕಾಮಾಕ್ಷಿ.

“ಮೂರು ದಿನ ತುಟಿ ಕಚ್ಚಿ ಕಚ್ಚಿ ಬಾತುಹೋಯ್ತು. ಮೀನಿನ ಸಾರು ತಾಗಿದ್ರೆ ಉರಿ. ಕೊನೇಗೆ ಕಾಮಾಕ್ಷಿದಿ ಅಂದ್ಲು, ‘ಲೇ, ನಿನ್ನ ಹೆಸರು ವೀಣಾ ಕಣೇ, ಬೀಣಾ ಅಲ್ಲ.’ ನನ್ನ ಹೆಸರು ನಂಗೊತ್ತಿಲ್ವಾ, ಹೋಗೇ ಅಂದೆ. ಮನೇಗೆ ಹೋಗಿ ಕನ್ನಡಿ ಮುಂದೆ ಹೇಳ್ಕೊಂಡೆ. ಚೆನ್ನಾಗೇ ಇತ್ತು. ಅಮ್ಮನಿಗೂ ಹೇಳಿ ತೋರಿಸ್ದೆ. ‘ಎರಡೂ ಒಂದೇ ಅಲ್ವೇನೇ, ಹುಚ್ಚಿ’ ಅಂದ್ಲು.”

ಕಾಮಾಕ್ಷಿ ಈಗಿಲ್ಲ. ವೀಣಾ ಎಂದು ಕರೆಯುವವರೂ ಇಲ್ಲ. ಬರುವ ತಿಂಗಳಿಂದ ಟಿವಿಯಲ್ಲಿ ಕಂಪ್ಯೂಟರ್ ಮಾಡಿದ ಮುಖ ಬರಲಿದೆ. ಬೀಣಾದಿಯ ಕೆಲಸ ಉಳಿಯುತ್ತದೆ, ಮುಖ ಹೋಗುತ್ತದೆ. ತನ್ನ ಒಳ್ಳೆಯ ಕಾಲವೆಲ್ಲ ಆ ಎರಡು ಪೆಟ್ಟಿಗೆಯೊಳಗೇ ಇದೆ ಎನ್ನುವ ಅವರಿಗೆ ಅದೇ ಸಂಕಟ.

ಮಂಗಳವಾರ ಮೊಮ್ಮಗಳು ಟಿಕ್ಲಿಗೆ ಆರು ತಿಂಗಳು ತುಂಬುತ್ತದೆ. ಹಳೆಯ ಚಿತ್ರದ ಕೊನೆಯ ಪರೀಕ್ಷೆ ಅವಳದೇ ಇರಲಿ ಎಂದು ಕೇಳಿಕೊಂಡಿದ್ದಾರೆ, ಡಾಕ್ಟರ್‌ದಿ ಒಪ್ಪಿದ್ದಾರೆ.

“ಆಮೇಲೆ ಮಡಿಲಲ್ಲಿ ಕೂರಿಸ್ಕೊಂಡು ಒಂದ್ಸಲ ವೀಣಾ ಅಂತೀನಿ,” ಎನ್ನುತ್ತಾರೆ, ಹಲ್ಲು ತುಟಿಗೆ ಸರಿಯಾಗಿ ತಾಗಿಸಿ. “ಹನ್ನೊಂದು ತಿಂಗಳಿಗೆ ಮರೀತಾಳೆ, ಮರೀಲಿ. ನಮ್ಮನೇಲಿ ಒಬ್ಬರಿಗಾದ್ರೂ ನನ್ನ ಹೆಸರು ಕೇಳಿಸಿರುತ್ತಲ್ಲ.”