ಅರಿವೆ ಕಟ್ಟಿದ ಡಬ್ಬಿಗಳು

ಬೋರಗಾಂವದ ಮಗ್ಗದ ಓಣಿಯಲ್ಲಿ ಕರೆಂಟು ಬಂದದ್ದು ತಿಳಿಯಲು ದೀಪ ನೋಡಬೇಕಾಗಿಲ್ಲ. ಬೆಳಗಿನ ಐದಕ್ಕೆ ತ್ರೀ ಫೇಸ್ ಬಂತೆಂದರೆ ಸಾಕು, ಸಾಲುಮನೆಗಳ ಮಗ್ಗಗಳೆಲ್ಲ ಖಟಖಟ ಶುರು ಹಚ್ಚಿಕೊಳ್ಳುತ್ತವೆ. ಅವುಗಳ ನಡುವೆ ಸುಲ್ತಾನಬಿಯವರ ಹಿಟ್ಟಿನ ಗಿರಣಿಯೂ ಒಮ್ಮೆ ಕೆಮ್ಮಿ, ಗಂಟಲು ಸರಿಮಾಡಿಕೊಂಡು, ಗುಂಯ್‌ಗುಡತೊಡಗುತ್ತದೆ. ಅಷ್ಟರಲ್ಲಿ ಅರವತ್ತೆರಡು ವರ್ಷದ ಈ ಹೆಣ್ಣುಮಗಳು ಬೀಸುಗಲ್ಲಿನ ಸುತ್ತ ಮೆತ್ತನೆಯ ಕಸಬರಿಗೆ ಆಡಿಸಿ, ಸೆರಗನ್ನು ತಲೆಗೆ ಬಿಗಿದು, ಕಟ್ಟೆಯ ಮೇಲಿನ ಡಬ್ಬಿಗಳ ಮುಂದೆ ನಿಂತಿರುತ್ತಾರೆ. ಇವತ್ತು ನಲವತ್ತಾರು ಡಬ್ಬಿ. ಎಲ್ಲವೂ ನಿನ್ನೆ ಸಂಜೆಯೇ ಬಂದವು, ಎಲ್ಲದರ ಬಾಯಿಗೂ ಅರಿವೆ ಕಟ್ಟಿದೆ.

ಒಂದೊಂದೇ ಒಳಗೆ ಎತ್ತಿಟ್ಟುಕೊಂಡು ಸುಲ್ತಾನಬಿ ಬಾಗಿಲು ಹಾಕುತ್ತಾರೆ. ಡಬ್ಬಿ ಬಿಚ್ಚುವ ಹೊತ್ತಿಗೆ ಯಾರಿಗೂ ಒಳಗೆ ಪ್ರವೇಶವಿಲ್ಲ. ಪತ್ರಿಕೆಯವರನ್ನಂತೂ ಬಿಡುವ ಮಾತೇ ಇಲ್ಲ! "ಇದೊಂದ ಸೊಕ್ಕ ಐತ್ರಿ ನಂದು. ಬ್ಯಾರೆ ಏನರ ಕೇಳ್ರಿ, ಚಾ ಕುಡೀರಿ" ಎಂದು ನಗುತ್ತಾರೆ.

ಒಳಗೆ ನಡೆಯುವುದು ಇಷ್ಟೇ. ಜೋಳ, ಗೋಧಿ ಇರುವ ಪ್ರತಿ ಡಬ್ಬಿಯಿಂದ ಒಂದು ಬೊಗಸೆ ತೆಗೆದು ಮೂಲೆಯ ನೀಲಿ ಪೀಪಾಯಿಗೆ ಹಾಕುತ್ತಾರೆ. ಸುಗ್ಗಿಯಲ್ಲಿ ಹೊಲವಿದ್ದ ಮನೆಗಳು ಒಂದೊಂದು ಚೀಲವನ್ನೇ ಅದಕ್ಕೆ ಸುರಿಯುತ್ತವೆ. ಪೀಪಾಯಿಯ ಮುಚ್ಚಳದ ಮೇಲೆ ಭಾರಕ್ಕೆಂದು ಖಾರ ಅರೆಯುವ ಗುಂಡುಕಲ್ಲಿನ ಅರ್ಧ ತುಂಡು ಕೂತಿದೆ. ಇನ್ನು ಕೆಲವು ಡಬ್ಬಿ ಬಿಚ್ಚಿದರೆ ಕಾಳೇ ಇರುವುದಿಲ್ಲ. ಇಟ್ಟಂಗಿ ಚೂರು, ಹೊಳೆಗಲ್ಲು, ಹೆಂಚಿನ ತುಂಡು. ಸುಲ್ತಾನಬಿ ಅವನ್ನು ಬುಟ್ಟಿಗೆ ಸುರಿದು, ಡಬ್ಬಿ ಒರೆಸಿ, ಪೀಪಾಯಿಯ ಕಾಳು ಬೀಸಿದ ಹಿಟ್ಟನ್ನು ತುಂಬಿ, ಅರಿವೆ ಕಟ್ಟಿಬಿಡುತ್ತಾರೆ. ಏಳು ಗಂಟೆಗೆ ಬಾಗಿಲು ತೆರೆದಾಗ ಕಟ್ಟೆಯ ಮೇಲೆ ಇರುವುದು ಬಿಸಿ ಹಿಟ್ಟಿನ ನಲವತ್ತಾರು ಡಬ್ಬಿ.

ಮಗ್ಗ ನಿಂತ ಮನೆ, ಜಡ್ಡು ಬಿದ್ದ ಮನೆ, ಬಾಣಂತಿಯ ಮನೆ, ಯಾರಿಗೆ ಆ ವಾರ ಕಾಳು ಗಿಟ್ಟಲಿಲ್ಲವೋ ಅವರು ಕಲ್ಲು ತುಂಬಿ ಇಟ್ಟು ಹೋಗುತ್ತಾರೆ. ಈ ಪದ್ಧತಿ ಈಗ ಓಣಿಗೆಲ್ಲ ಗೊತ್ತು. ಯಾರ ಡಬ್ಬಿಯಲ್ಲಿ ಎಂಬುದು ಮಾತ್ರ ಯಾರಿಗೂ ಗೊತ್ತಿಲ್ಲ. "ಖಾಲಿ ಡಬ್ಬಿ ಒಯ್ದರ ಹಿಡಕಿ ಖಣಖಣ ಅಂತೈತ್ರಿ, ಓಣಿಗೆಲ್ಲಾ ಕೇಳಸ್ತೈತಿ. ಮಗ್ಗಲದಾಕಿ ಎತ್ತಿಟ್ರ ಹಗುರ ಹತ್ತತೈತಿ. ಅದಕ್ಕ ಕಲ್ಲು" ಎನ್ನುತ್ತಾರೆ ಸುಲ್ತಾನಬಿ. "ನನಗ ಗೊತ್ತಿರತೈತಿ, ಇಲ್ಲ ಅನ್ನಾಂಗಿಲ್ಲ. ಆದ್ರ ಬಾಗಿಲಾ ತಗದ ಕೂಡ್ಲೇ ಮರತ ಬಿಡ್ತೀನಿ."

ಗಿರಣಿ ಮೊದಲು ರಾವಸಾಹೇಬರದು. ಆಗ ಡೀಸೆಲ್ ಎಂಜಿನ್ನು. ಅದರ ಪುಕ್‌ಪುಕ್ ಸದ್ದು ಮೇರೆಯ ಹೊಲಗಳ ತನಕ ಕೇಳುತ್ತಿತ್ತು, ಹೊಲದವರು ಅದನ್ನೇ ಗಡಿಯಾರ ಮಾಡಿಕೊಂಡಿದ್ದರು. ಏನು ಕಾಲ ಅದು! ಪಾಳಿಯ ಸಾಲಿನಲ್ಲಿ ನೂರು ಡಬ್ಬಿ, ಡಬ್ಬಿಗೊಬ್ಬ ಹೆಂಗಸು, ಹೆಂಗಸಿಗೆ ಹತ್ತು ಸುದ್ದಿ. ಕನ್ಯೆ ನೋಡುವುದು, ಜಗಳ ಮುರಿಯುವುದು ಎಲ್ಲ ಅಲ್ಲಿಯೇ. ಮಕ್ಕಳು ಚಳಿಗೆ ಬಿಸಿ ಹಿಟ್ಟಿನೊಳಗೆ ಕೈ ತೂರಿ ಬೈಸಿಕೊಳ್ಳುತ್ತಿದ್ದರು. ರಾವಸಾಹೇಬರು ಜೈನರು. ಹುಳ ಬಿದ್ದೀತೆಂದು ಗುಡಿಸದೆ ಕಲ್ಲು ತಿರುಗಿಸುತ್ತಿರಲಿಲ್ಲ, ಹೊತ್ತು ಮುಳುಗಿದ ಮೇಲಂತೂ ಎಂಜಿನ್ನಿನ ಪಟ್ಟಾ ಇಳಿಸಿ ಗಿರಣಿ ನಿಲ್ಲಿಸಿಯೇ ಬಿಡುತ್ತಿದ್ದರು. ಅವರು ಹೋಗಿ ಹದಿನೆಂಟು ವರ್ಷ. ಅಂದಿನಿಂದ ಗಿರಣಿ ನಡೆಸುತ್ತಿರುವ ಸುಲ್ತಾನಬಿ ಇವತ್ತಿಗೂ ಅದೇ ಕಸಬರಿಗೆ, ಅದೇ ವೇಳೆ ಪಾಲಿಸುತ್ತಾರೆ.

ಆಮೇಲೆ ಅಂಗಡಿಗೆ ಪ್ಯಾಕೆಟ್ ಹಿಟ್ಟು ಬಂತು. ಪಾಳಿ ನೂರರಿಂದ ಐವತ್ತಾಯಿತು, ಇಪ್ಪತ್ತಾಯಿತು. ಎರಡು ವರ್ಷದ ಹಿಂದೆ ಆಷಾಢದ ಜಿಟಿಜಿಟಿ ಮಳೆಯ ಒಂದು ಬೆಳಿಗ್ಗೆ ಕಟ್ಟೆಯ ಮೇಲೆ ಒಂಬತ್ತೇ ಡಬ್ಬಿ. "ಹಳೇದಂತ ಹೇಳಾಕತ್ತೀನ್ರಿ, ಒಂಬತ್ತರಾಗ ಐದು ಕಲ್ಲಿನವು. ನಾಕ ಬೊಗಸಿ ಐದ ಮನಿಗೆ ಹೆಂಗ ಸಾಲಬೇಕು?" ಅವತ್ತು ತಮ್ಮ ಮನೆಯ ಜೋಳ ಸುರಿದು ನಿಭಾಯಿಸಿದರು. ಹಿಟ್ಟಿಗಿಂತ ದೊಡ್ಡ ಚಿಂತೆ ಬೇರೆಯೇ ಇತ್ತು. ನೂರರಲ್ಲಿ ಅಡಗುವ ಡಬ್ಬಿ ಒಂಬತ್ತರಲ್ಲಿ ಅಡಗುವುದಿಲ್ಲ. ಎದುರಿನ ಚಹಾದಂಗಡಿಯಲ್ಲಿ ಕೂತವರು ಬೆರಳು ಮಡಚಿ ಲೆಕ್ಕ ಹಾಕಬಹುದು. ಮರುವಾರ ಆ ಐದರಲ್ಲಿ ಎರಡು ಡಬ್ಬಿ ಬರಲೇ ಇಲ್ಲ. "ಆ ಎರಡ ಮನ್ಯಾಗ ಒಲಿ ಹೊತ್ತಿಲ್ಲ ಅಂತ ನನಗ ಒಬ್ಬಾಕಿಗೇ ಗೊತ್ರಿ. ಹೋಗಿ ಕೊಡೂಣಂದ್ರ ಗುಟ್ಟ ಒಡೀತೈತಿ."

ಸುಲ್ತಾನಬಿ ನೇರ ಹೋದದ್ದು ರಾವಸಾಹೇಬರ ಮೊಮ್ಮಗನ ಹೆಂಡತಿ ಕೋಮಲ ಅವರ ಬಾಗಿಲಿಗೆ. ಓಣಿಯ ಮಹಿಳಾ ಸಂಘ ನಡೆಸುವವರು ಇವರೇ. ಕೋಮಲ ಒಳ್ಳೆಯ ಮನಸ್ಸಿನಿಂದಲೇ ಹೇಳಿದರು: "ಹೆಸರು ಬರದ ಕೊಡ್ರಿ ಚಾಚಿ, ಒಂದೊಂದ ಮನಿಗೆ ಒಂದೊಂದ ಚೀಲ ಕಳಸ್ತೀನಿ."

"ಸತ್ರೂ ಹೆಸರ ಹೇಳಾಂಗಿಲ್ಲವ್ವಾ. ಚೀಲ ಬ್ಯಾಡ. ನಿನ್ನ ಡಬ್ಬಿ ತಂದ ಪಾಳ್ಯಾಗ ಇಡು."

ಕೋಮಲ ಈಗ ಅದನ್ನು ನೆನೆದು ತಲೆ ತಗ್ಗಿಸಿ ನಗುತ್ತಾರೆ. "ನಮ್ಮಜ್ಜಾರ ಗಿರಣಿ, ನಮ್ಮ ಮನಿ ಡಬ್ಬಿನ ಅಲ್ಲಿರಲಿಲ್ಲ ನೋಡ್ರಿ. ನಾಚಿಕಿ ಬಂತು." ಆ ಸಂಜೆಯೇ ಅಟ್ಟದ ಮೇಲಿನ ಹಿತ್ತಾಳೆ ಡಬ್ಬಿ ಇಳಿಯಿತು. ಮುಂದೆ ಸಂಘದವರು ಸೇರಿ ಒಂದು ಮಾತಿಗೆ ಬಂದರು: ಯಾರ ಮನೆಯಲ್ಲಿ ಎಷ್ಟೇ ಪ್ಯಾಕೆಟ್ ಹಿಟ್ಟಿರಲಿ, ವಾರಕ್ಕೊಮ್ಮೆ ಡಬ್ಬಿ ಗಿರಣಿಗೆ ಬರಬೇಕು, ಅರಿವೆ ಕಟ್ಟಿಯೇ ಬರಬೇಕು. ಒಂಬತ್ತಿದ್ದದ್ದು ಹದಿನೈದಾಯಿತು, ಮೂವತ್ತಾಯಿತು. ಬರುವುದು ಬಿಟ್ಟಿದ್ದ ಆ ಎರಡು ಡಬ್ಬಿಗಳೂ ಒಂದು ಸಂಜೆ ಸದ್ದಿಲ್ಲದೆ ಕಟ್ಟೆಗೆ ಬಂದು ಕೂತವು. ಅವತ್ತು ಸುಲ್ತಾನಬಿ ಬಾಗಿಲು ಹಾಕಿಕೊಂಡು ಅತ್ತಿದ್ದರಂತೆ.

ಈಗ ಅವರ ಮೊಣಕಾಲು ನೋಯುತ್ತವೆ. ಸವೆದ ಬೀಸುಗಲ್ಲಿಗೆ ಉಳಿ ಹಿಡಿದು ಟಾಕಿ ಹೊಡೆದು ಒರಟು ಮಾಡುವಾಗ ಕಣ್ಣು ಮಂಜಾಗುತ್ತವೆ. ಆಸೆ ಏನೆಂದು ಕೇಳಿದರೆ ಗಿರಣಿಗೆ ಹೊಸ ಮೋಟಾರು ಕೇಳುವುದಿಲ್ಲ. "ಪಾಳಿ ಉದ್ದ ಇರ್ಲಿ, ಸಾಕ್ರಿ" ಎನ್ನುತ್ತಾರೆ.

ಗಿರಣಿಯ ಹಿಂದೆ ಐವತ್ತು ವರ್ಷದ ಆ ಕಲ್ಲುಗಳೆಲ್ಲ ಎದೆಮಟ್ಟದ ಗುಡ್ಡೆಯಾಗಿ ಬಿದ್ದಿವೆ. ಗಂಡ ಜಮಾಲಸಾಬ ತೀರಿಕೊಂಡ ವರ್ಷ, ಇಪ್ಪತ್ತೆಂಟರ ವಯಸ್ಸಿನಲ್ಲಿ ಸುಲ್ತಾನಬಿ ಇಲ್ಲಿ ಕೆಲಸಕ್ಕೆ ಸೇರಿದರು. ಮೊದಲ ದಿನವೇ ಒಂದು ಡಬ್ಬಿಯಲ್ಲಿ ಕಲ್ಲು ಕಂಡು ಬೆಚ್ಚಿದಾಗ ರಾವಸಾಹೇಬರು ಹೇಳಿದ್ದು ಮೂರೇ ಮಾತು: "ಕಲ್ಲ ಹಿಂದ ಹಾಕು. ಹಿಟ್ಟ ತುಂಬು. ಬಾಯಿ ಮುಚ್ಚು." ಬುಟ್ಟಿ ಹೊತ್ತು ಹಿಂದಕ್ಕೆ ಹೋದರೆ ಗುಡ್ಡೆಯ ಅಂಚಿನಲ್ಲಿ ಒಡೆದ ಗುಂಡುಕಲ್ಲಿನ ಅರ್ಧ ತುಂಡು. ಅದರ ಮೇಲೆ ಎರಡು ಗೀಟು. ಆ ಗೀಟುಗಳನ್ನು ಉಳಿಯಲ್ಲಿ ಕೆತ್ತಿದ್ದು ಸುಲ್ತಾನಬಿಯವರ ಅಪ್ಪ. ಈಗ ಪೀಪಾಯಿಯ ಮುಚ್ಚಳದ ಮೇಲೆ ಕೂತಿರುವುದು ಅದೇ ತುಂಡು.

"ಸಣ್ಣಾಕಿದ್ದಾಗ ಡಬ್ಬಿ ತಲಿಮ್ಯಾಲ ಹೊತ್ತ ತರ್ತಿದ್ದೆ ನಾನ. 'ಭಾರ ಐತಬೇ' ಅಂತ ಅಳ್ತಿದ್ದೆ. 'ಜ್ವಾಳ ಭಾಳ ಅದಾವಲ್ಲ, ಅದಕ್ಕ' ಅಂತಿದ್ಲು ನಮ್ಮವ್ವ. ನಾವು ಸ್ಥಿತಿವಂತರಂತ ಗೆಳತ್ಯಾರ ಮುಂದ ಜಂಬ ಬ್ಯಾರೆ!"

ಅವತ್ತು ಸಂಜೆ ಮನೆಗೆ ಹೋದಾಗ ತಾಯಿ ರೊಟ್ಟಿ ಬಡಿಯುತ್ತಿದ್ದರು. ಮಗಳು ಗುಂಡುಕಲ್ಲಿನ ಮಾತು ತೆಗೆಯಲಿಲ್ಲ. ತಾಯಿ ಬಡಿದ ರೊಟ್ಟಿಯನ್ನು ಹಂಚಿಗೆ ಹಾಕುತ್ತ ಒಂದೇ ಒಂದು ಮಾತು ಕೇಳಿದರು.

"'ಅರಿವಿ ಗಂಟ ಅವರ ಕಟ್ಟಿದಂಗ ತಿರುಗಿ ಕಟ್ಟತಿಯಿಲ್ಲ?' ಅಂದ್ಲು. 'ಕಟ್ಟತೀನಬೇ' ಅಂದೆ. ಮೂವತ್ತನಾಕ ವರ್ಷ ಆತ್ರಿ. ಒಂದ ಗಂಟೂ ತಪ್ಪಿಲ್ಲ."