ಸೂಲೂರಿನ ಮಹಡಿ ಮನೆ

ಕೊಯಮತ್ತೂರಿನ ಶರವಣಂಪಟ್ಟಿಯಲ್ಲಿ ನಾವಿದ್ದ ಹಾಸ್ಟೆಲನ್ನು ಕೆಡವಿ ಮಳಿಗೆ ಕಟ್ಟುತ್ತಾರೆಂದು ಗೊತ್ತಾದಾಗ, ಒಂದೇ ಕೋಣೆಯಲ್ಲಿದ್ದ ನಾವು ಮೂವರು ಹುಡುಗಿಯರು ಬಾಡಿಗೆ ಮನೆ ಹುಡುಕಲು ಹೊರಟೆವು. ಮೂವರದೂ ಒಂದೇ ಆಫೀಸು. ನಾನು ಪಲ್ಲಡಂ ಕಡೆಯ ಬೇಸಾಯದ ಮನೆಯವಳು; ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಇನ್ನೊಬ್ಬಳು ಈರೋಡಿನವಳು. ಬಚ್ಚಲು ಚೆನ್ನಾಗಿದ್ದರೆ ಯಾವ ಮನೆಗಾದರೂ ಸೈ ಎನ್ನುವ ಜಾಯಮಾನ ಅವಳದು. ಮೂರನೆಯವಳು ವಾಲ್ಪಾರೈಯವಳು. ಮನೆ ನಿಜವಾಗಿ ಬೇಕಾಗಿದ್ದದ್ದು ಅವಳಿಗೆ.

ಅವಳ ಅಮ್ಮ ಎಸ್ಟೇಟಿನಲ್ಲಿ ಚಹಾ ಎಲೆ ಕೀಳುವವರು. ಕೆಲಸ ಇರುವವರೆಗೆ ಲೈನ್ ಮನೆ, ಎಸ್ಟೇಟಿನವರು ಕೂಲಿಯವರಿಗೆಂದು ಕಟ್ಟಿಸಿದ ಸಾಲಿನಲ್ಲಿ ಒಂದು. ನಿವೃತ್ತಿಯಾದರೆ ಬೀಗದ ಕೈ ಒಪ್ಪಿಸಿ ಬೆಟ್ಟ ಇಳಿಯಬೇಕು. ಆ ಅಮ್ಮ ಹುಟ್ಟಿದ್ದೂ ಅದೇ ಲೈನಿನಲ್ಲಿ, ಮಗಳನ್ನು ಹೆತ್ತದ್ದೂ ಅಲ್ಲೇ. ಇಳಿದು ಹೋಗುವುದಕ್ಕೆ ಅವರಿಗೆ ಬೇರೆ ಊರೇ ಇರಲಿಲ್ಲ. ಬೇಸಿಗೆ ಮುಗಿಯುವಷ್ಟರಲ್ಲಿ ಅವರಿಗೂ ಜಾಗವಿರುವ ಮನೆ ಸಿಗಬೇಕು, ನಾಲ್ವರೂ ಒಟ್ಟಿಗೇ ಇರಬೇಕು ಎಂದು ತೀರ್ಮಾನಿಸಿದೆವು. ಇನ್ನು ಅಡುಗೆಯ ಚಿಂತೆ ತಪ್ಪಿತು ಎಂದು ಈರೋಡಿನವಳು ಕುಣಿದಳು. ಅವಳ ತಲೆಗೆ ನಾನೊಂದು ಮೊಟಕಿದೆ.

ಆಫೀಸಿನ ಸುತ್ತಮುತ್ತ ಬಾಡಿಗೆ ಕೇಳಿದರೇ ತಲೆ ಸುತ್ತುತ್ತಿತ್ತು. ಕೀರಣತ್ತಂ ಕಡೆ ನೋಡಿದ ಮನೆಗೆ ನೀರಿಲ್ಲ. ಗಣಪತಿ ಬಡಾವಣೆಯಲ್ಲಿ ಒಂದು ಮನೆ ಹಿಡಿಸಿತು. ಮಾಲೀಕರು ನಮ್ಮಿಬ್ಬರನ್ನೂ ಬಿಟ್ಟು ವಾಲ್ಪಾರೈಯವಳನ್ನೇ ನೋಡಿ, "ನೀಂಗ ಎಂದ ಊರು?" ಎಂದು ತಮಿಳಿನಲ್ಲಿ ಊರು ಕೇಳಿದರು. ವಾಲ್ಪಾರೈ ಎಂದಳು. ಅಪ್ಪ ಅಮ್ಮನಿಗೆ ಏನು ಕೆಲಸ ಎಂದರು. ಎಸ್ಟೇಟಿನಲ್ಲಿ ಎಂದಳು. ಮರುದಿನ ಆ ಮನೆ ಅವರ ನೆಂಟರಿಗೆ ಬೇಕಾಯಿತು. ಆಮೇಲೆ ನೋಡಿದ ಮನೆಗಳಿಗೂ ಹಾಗೆಯೇ ನೆಂಟರು ಹುಟ್ಟಿಕೊಂಡರು. ಕೊಯಮತ್ತೂರಿನ ಖಾಲಿ ಮನೆಗಳೆಲ್ಲ ನೆಂಟರಿಗೇ ಕಾದಿವೆ ಎಂದು ಅವಳು ನಗುತ್ತಿದ್ದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅವಳಿಗೆ ಕನ್ನಡ ಬರುತ್ತಿತ್ತು. ಯಾರೂ ಕಲಿಸಿದ್ದಲ್ಲ. ಸಂಜೆ ನಾನು ಸ್ಪೀಕರ್ ಹಾಕಿ ಅಮ್ಮನ ಜೊತೆ ಮಾತಾಡುತ್ತಿದ್ದೆ. "ಉಂಡ್ಯಾ ಅಮ್ಮಣಿ?" ಎಂದು ನನ್ನನ್ನು ಕೇಳಿ ಮುಗಿಸಿದ ಮೇಲೆ ಅಮ್ಮ ಅವಳನ್ನೂ ಕೇಳುತ್ತಿದ್ದಳು. ಬಟ್ಟೆ ಮಡಿಸುತ್ತಲೇ ಅವಳು "ಉಂಡೆ ಅಮ್ಮಾ" ಎನ್ನುತ್ತಿದ್ದಳು. ಹೀಗೆ ಕೇಳಿ ಕೇಳಿ ಪೂರ್ತಿ ತಿಳಿಯುವಷ್ಟು ಕಲಿತಿದ್ದಳು. ನಮ್ಮ ಮನೆಗಳಲ್ಲಿ ಇದು ಸಣ್ಣ ಸಂಗತಿಯಲ್ಲ. ನಮಗೆ ಕನ್ನಡ ಎಂದರೆ ಬಾಗಿಲಿಗೆ ಕಟ್ಟಿದ ಪರದೆ. ಸಂತೆಯಲ್ಲಿ, ಬಸ್ಸಿನಲ್ಲಿ, ಜವಳಿ ಅಂಗಡಿಯಲ್ಲಿ ಪಕ್ಕದವರಿಗೆ ತಿಳಿಯಬಾರದ್ದನ್ನು ಅವರೆದುರೇ ಕನ್ನಡದಲ್ಲಿ ಹೇಳಿ ಮುಗಿಸುತ್ತೇವೆ. ಆ ಪರದೆಯ ಈಚೆಗೆ ಅಮ್ಮ ಅವಳನ್ನು ಕರೆದುಕೊಂಡಿದ್ದಳು.

ಸೂಲೂರಿನ ಮನೆ ಸಿಕ್ಕಿದ್ದು ಆಗ. ಆಫೀಸಿಗೆ ಎರಡು ಬಸ್ಸು ಬದಲಿಸಬೇಕು, ವಿಮಾನ ಹಾರಿದರೆ ಕಿಟಕಿ ಗಾಜು ಗಡಗಡ ನಡುಗುತ್ತದೆ. ಅದಕ್ಕೇ ಬಾಡಿಗೆ ನಮಗೆ ಎಟಕುವಂತಿತ್ತು. ಮೆಟ್ಟಿಲ ಹತ್ತಿರ ನಿಂತು ನಾನು ಅಮ್ಮನಿಗೆ ಫೋನಿನಲ್ಲಿ ಮನೆ ವರ್ಣಿಸಿ ಮುಗಿಸುವಷ್ಟರಲ್ಲಿ ಮನೆಯೊಡತಿ ಅಜ್ಜಿ ಓಡಿ ಬಂದರು.

"ನಮ್ಮ ಮಾತು ಆಡ್ತೀಯಲ್ಲ! ನಮ್ಮೋರಾ ನೀನು?"

ಆಮೇಲೆ ಉಪಚಾರವೋ ಉಪಚಾರ. ಕಾಫಿ, ಮುರುಕು, ನಮ್ಮ ಊರಿನಲ್ಲಿ ಅವರಿಗೆ ಗೊತ್ತಿದ್ದವರ ವಿಚಾರಣೆ. ಈರೋಡಿನವಳು ಬಚ್ಚಲು ನೋಡಿ ಕಣ್ಣರಳಿಸಿದಳು. ವಾಲ್ಪಾರೈಯವಳು ಕಿಟಕಿ ಪಕ್ಕದ ಮೂಲೆಯನ್ನು ತನ್ನ ದುಪಟ್ಟಾದಿಂದ ಅಳೆದು, ಅಮ್ಮನ ಮಂಚ ಇಲ್ಲಿ ಹಿಡಿಯುತ್ತದೆ ಎಂದು ತಮಿಳಿನಲ್ಲಿ ನನಗೆ ಹೇಳಿದಳು. ಅಷ್ಟು ಖುಷಿಯಾಗಿ ಅವಳು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಅಜ್ಜಿ ಎಂದಿನ ಪ್ರಶ್ನೆ ಕೇಳಿದರು, ಅವಳು ಎಂದಿನ ಉತ್ತರ ಕೊಟ್ಟಳು.

ಅಜ್ಜಿ ನಗು ಮಾಸದೆಯೇ ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದರು: "ನೀನು ಇರು ಅಮ್ಮಣಿ, ಆ ಈರೋಡ್ ಹುಡುಗಿನೂ ಇರ್ಲಿ. ಈ ಲೈನ್‌ಮನೆಯೋಳು ಬ್ಯಾಡ. ಅವ್ಳ ಅಮ್ಮ ಬೇರೆ ಬರ್ತಾಳಂತೆ. ನಾವು ನೀರು ಸೇದೋ ಬಾವಿ ಇದು, ನಿಂಗೆ ಹೇಳ್ಬೇಕಾ? ಏನಾದ್ರೂ ನೆವ ಹೇಳಿ ಕಳ್ಸಿಬಿಡು."

ನಾನು ಬಾಯಿ ತೆರೆಯುವ ಮೊದಲೇ ಅವಳು ಮಾತಾಡಿದಳು, ಕನ್ನಡದಲ್ಲಿ, ನನ್ನ ಅಮ್ಮನ ರಾಗದಲ್ಲೇ.

"ನೆವ ಬ್ಯಾಡ ಅಜ್ಜಿ. ನಾನೇ ಹೋಗ್ತೀನಿ."

ಕಾಫಿ ಲೋಟವನ್ನು ಎಲ್ಲಿಡಬೇಕೋ ತಿಳಿಯದೆ ಕೈಯಲ್ಲೇ ಹಿಡಿದು ನಿಂತಳು. ಕೊನೆಗೆ ಮೆಟ್ಟಿಲ ಪಕ್ಕದ ನಲ್ಲಿಯಲ್ಲಿ ತೊಳೆದು ಗೋಡೆಯ ಮೇಲೆ ಬೋರಲು ಹಾಕಿದಳು. ಆಫೀಸಿನ ಕ್ಯಾಂಟೀನಿನಲ್ಲಿ ಒಂದು ದಿನವೂ ಲೋಟ ತೊಳೆದವಳಲ್ಲ. ಅದು ಅವಳಿಗೆ ಎಲ್ಲಿಂದ ನೆನಪಾಯಿತೋ.

ಅಜ್ಜಿ ನನ್ನ ಮೇಲೆ ಸಿಡಿದರು. "ಅವ್ಳಿಗೆ ನಮ್ಮ ಮಾತು ತಿಳೀತದೆ ಅಂತ ಮೊದ್ಲೇ ಹೇಳ್ಬಾರ್ದಾ?"

ಹೇಳಿದ್ದಕ್ಕಲ್ಲ, ಕೇಳಿಸಿದ್ದಕ್ಕೆ ಅವರಿಗೆ ಬೇಸರ. ನನಗೆ ಮೂಗಿನ ತುದಿಯಲ್ಲೇ ಕೋಪ. ಇಡೀ ಬೀದಿಗೆ ಕೇಳುವಂತೆ ತಮಿಳಿನಲ್ಲೇ ಕೂಗಾಡಿದೆ. ಪರದೆ ಹಿಂದಿನ ಮಾತು ಹೊರಗೆ ಬೀಳಲಿ ಎಂದೇ ತಮಿಳು. ಅವಳೇ ನನ್ನ ರಟ್ಟೆ ಹಿಡಿದು ಎಳೆದುಕೊಂಡು ಹೊರಟಳು. ಬಸ್ ಸ್ಟಾಪಿನವರೆಗೂ ಅಳುತ್ತಿದ್ದವಳು ನಾನು, ಸಮಾಧಾನ ಮಾಡುತ್ತಿದ್ದವಳು ಅವಳು.

ಅದಾದ ಮೇಲೆ ಅವಳು ನಮ್ಮ ಜೊತೆ ಮನೆ ನೋಡಲು ಬರಲಿಲ್ಲ. ನೀವಿಬ್ಬರೇ ನೋಡಿ, ನಿಮಗೆ ಬೇಗ ಸಿಗುತ್ತದೆ ಎಂದಳು. ನಾನು ಜಗಳವಾಡಿದೆ, ಬೇಡಿಕೊಂಡೆ. ಬೇಸಿಗೆ ಮುಗಿಯಿತು. ಅವಳ ಅಮ್ಮ ಬೀಗದ ಕೈ ಒಪ್ಪಿಸಿ ಬೆಟ್ಟ ಇಳಿದರು. ಅವಳು ಕೆಲಸ ಬಿಟ್ಟು ಪೊಳ್ಳಾಚಿಯಲ್ಲಿ ಒಂದು ತೆಂಗಿನ ನಾರಿನ ಕಾರ್ಖಾನೆ ಸೇರಿದಳು. ಅದರ ಹಿಂದಿನ ಒಂದು ಕೋಣೆಯಲ್ಲಿ ತಾಯಿ ಮಗಳು ಇದ್ದಾರೆ. ಕೆಲಸ ಇರುವವರೆಗೆ ಕೋಣೆ. ಅದೂ ಲೈನ್ ಮನೆಯೇ.

ನಾನು ಈರೋಡಿನವಳ ಜೊತೆ ಇನ್ನೊಂದು ಹಾಸ್ಟೆಲಿನಲ್ಲಿದ್ದೇನೆ. ಹೋದ ಭಾನುವಾರ ಊರಿಗೆ ಹೋಗಿದ್ದಾಗ ಅಮ್ಮನ ಪಕ್ಕ ಕೂತು ಅವಳಿಗೆ ಫೋನು ಮಾಡಿದೆ. ಸೂಲೂರಿನ ಅಜ್ಜಿ ಆಡಿದ ಮಾತನ್ನು ನಾನು ಅಮ್ಮನಿಗೆ ಹೇಳಿಲ್ಲ. ಅಮ್ಮ ಫೋನು ಕಿತ್ತುಕೊಂಡು, "ಉಂಡ್ಯಾ ಅಮ್ಮಣಿ?" ಎಂದಳು.



"ಸಾಪ್ಟೇನ್ ಮ್ಮಾ," ಎಂದಳು ಆ ಕಡೆಯಿಂದ, ಉಂಡೆ ಎನ್ನುವುದನ್ನೇ ತಮಿಳಿನಲ್ಲಿ.

ಫೋನು ಇಟ್ಟ ಮೇಲೆ ಅಮ್ಮ ಕೇಳಿದಳು: "ಪಾಪ, ನಮ್ಮ ಮಾತು ಮರ್ತೇ ಹೋಯ್ತಾ ಅವ್ಳಿಗೆ?"

ಹೌದು ಎಂದೆ.